ಆ ಪಟದ ಕೆಳಗೆ ತಾರೀಖು ಬರೆಯಿರಿ

ಬೆಂಗಳೂರಿನಲ್ಲಿ ಹಳೆಯದಕ್ಕೆ ಈಗ ಒಳ್ಳೆಯ ಕಾಲ. ಹಳೆಯ ಮನೆಗಳಿಗಲ್ಲ, ಅವು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಹಳೆಯ ಕೆರೆಗಳಿಗಲ್ಲ, ಅವು ಬಸ್ ನಿಲ್ದಾಣಗಳೂ ಬಡಾವಣೆಗಳೂ ಆಗಿ ಎಷ್ಟೋ ಕಾಲವಾಯಿತು. ಒಳ್ಳೆಯ ಕಾಲ ಬಂದಿರುವುದು ಹಳೆಯದರ ಪಟಗಳಿಗೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು. ಕಾಫಿ ಕುಡಿಯುವ ಜಾಗದಲ್ಲೋ, ಸೀರೆ ಅಂಗಡಿಯ ಮೆಟ್ಟಿಲ ಪಕ್ಕದಲ್ಲೋ, ಹೊಸ ಕಟ್ಟಡದ ಲಿಫ್ಟಿನ ಎದುರೋ ಫ್ರೇಮು ಹಾಕಿಸಿದ ಅಂಥದೊಂದು ಪಟ ಕಣ್ಣಿಗೆ ಬೀಳುತ್ತದೆ. ತೆಳುನೀಲಿ ಆಕಾಶ, ದೂರದಲ್ಲೊಂದು ಕೋಟೆ, ಪಕ್ಕದಲ್ಲಿ ಬಾಗಿ ನಿಂತ ಮರ, ಮುಂದೆ ಎರಡು ಮೂರು ಪುಟ್ಟ ಮನುಷ್ಯರು. ಕೆಳಗೆ 'ಹಳೇ ಬೆಂಗಳೂರು' ಎಂಬ ಎರಡು ಪದ. ನೋಡಿದವರೆಲ್ಲ ಹೇಳುವ ಮಾತೂ ಒಂದೇ: ಆಗ ನಮ್ಮೂರು ಎಷ್ಟು ಚೆಂದ ಇತ್ತು, ಎಷ್ಟು ಶಾಂತ ಇತ್ತು!

ಈ ಮಾತಿಗೆ ನಮ್ಮ ತಕರಾರಿದೆ. ಚೆಂದದ ಬಗ್ಗೆ ಅಲ್ಲ. ಶಾಂತಿಯ ಬಗ್ಗೆ. ಆ ಪಟಗಳಲ್ಲಿ ಹೆಚ್ಚಿನವನ್ನು ಬರೆದದ್ದು ಯುದ್ಧ ನಡೆಯುತ್ತಿದ್ದಾಗ, ಇಲ್ಲವೆ ಯುದ್ಧ ಮುಗಿದ ಹೊಸತರಲ್ಲಿ. ಬರೆದವರು ಊರು ನೋಡಲು ಬಂದ ಪ್ರವಾಸಿಗರಲ್ಲ, ಊರನ್ನು ಹಿಡಿಯಲು ಬಂದ ಸೇನೆಯವರು ಅಥವಾ ಆ ಸೇನೆಯ ಬೆನ್ನಿಗೆ ಬಂದವರು. ಈ ಒಂದು ಸಂಗತಿಯನ್ನು ಮರೆಸಿ ಪಟವನ್ನು ಮಾತ್ರ ತೂಗುಹಾಕುವುದು ಅಲಂಕಾರವಲ್ಲ, ಮರೆವಿನ ವ್ಯಾಪಾರ.

ಪ್ರವಾಸದ ದಾರಿಯೋ, ದಂಡಿನ ದಾರಿಯೋ?

ಹೆಸರು ಹಿಡಿದೇ ಹೇಳೋಣ. ರಾಬರ್ಟ್ ಹೋಮ್ ಎಂಬ ಚಿತ್ರಕಾರ 1791ರಲ್ಲಿ ಮದರಾಸಿಗೆ ಬಂದಿಳಿದ. ಟಿಪ್ಪು ಸುಲ್ತಾನನ ಮೇಲೆ ಏರಿಹೋಗುತ್ತಿದ್ದ ಲಾರ್ಡ್ ಕಾರ್ನ್‌ವಾಲಿಸನ ಸೇನೆಯನ್ನು ಸೇರಿಕೊಂಡ. ಅಲ್ಲಲ್ಲಿ ನಿಂತು ಬರೆದ ಚಿತ್ರಗಳನ್ನು 1794ರಲ್ಲಿ ಲಂಡನ್ನಿನಲ್ಲಿ 'ಟಿಪ್ಪು ಸುಲ್ತಾನನ ದೇಶವಾದ ಮೈಸೂರಿನ ಆಯ್ದ ನೋಟಗಳು' ಎಂಬರ್ಥದ ಹೆಸರಿಟ್ಟು ಪುಸ್ತಕ ಮಾಡಿದ. ಅದೇ 1794ರಲ್ಲಿ ಕ್ಯಾಪ್ಟನ್ ಅಲೆಗ್ಸಾಂಡರ್ ಅಲನ್ ಎಂಬಾತನ ಮೈಸೂರು ಸೀಮೆಯ ನೋಟಗಳೂ ಅಚ್ಚಾದವು. ರಾಬರ್ಟ್ ಕೋಲ್‌ಬ್ರೂಕ್ ಎಂಬ ಸರ್ವೇಯರು ಮೈಸೂರು ರಾಜ್ಯದ ಹನ್ನೆರಡು ಸ್ಥಳಗಳ ಚಿತ್ರ ಹೊರತಂದ. ತೋಪುಪಡೆಯ ಲೆಫ್ಟಿನೆಂಟ್ ಜೇಮ್ಸ್ ಹಂಟರ್ 1792ರಲ್ಲೇ ತೀರಿಹೋದ. ಆದರೆ ಅವನು ಬರೆದ ನಲವತ್ತು ಚಿತ್ರಗಳು 1804-05ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದವು. ಇಂದು ನಮ್ಮ ಗೋಡೆಗಳ ಮೇಲಿರುವ ಟಿಪ್ಪುವಿನ ಅರಮನೆ, ದೆಹಲಿ ಬಾಗಿಲು, ಕೋಟೆಯೊಳಗಿನ ಬೀದಿ, ಇವುಗಳಲ್ಲಿ ಹಲವು ಹಂಟರನವು. ಆ ಪುಸ್ತಕ ಹೊರಬರುವ ಹೊತ್ತಿಗೆ ಚಿತ್ರ ಬರೆದವನು ಸತ್ತು ಹನ್ನೆರಡು ವರ್ಷವಾಗಿತ್ತು, ಅರಮನೆಯ ಒಡೆಯ ಮಡಿದು ಐದು ವರ್ಷ ಕಳೆದಿತ್ತು.

ಈ ಪುಸ್ತಕಗಳು ತೋರಿಸುವ ಊರುಗಳ ಪಟ್ಟಿ ಮಾಡಿ ನೋಡಿ: ಬೆಂಗಳೂರು, ಸಾವನದುರ್ಗ, ಹುತ್ರಿದುರ್ಗ, ಶಿವಗಂಗೆ, ಶ್ರೀರಂಗಪಟ್ಟಣ. ಇದು ಪ್ರವಾಸದ ದಾರಿಯಲ್ಲ, ದಂಡಿನ ದಾರಿ. ಬೆಂಗಳೂರಿನ ಪೇಟೆ ಬಿದ್ದದ್ದು 1791ರ ಮಾರ್ಚ್ 7ರಂದು. ಕೋಟೆ ಬಿದ್ದದ್ದು ಅದೇ ತಿಂಗಳ 21ರ ರಾತ್ರಿ. ಸಾವನದುರ್ಗ ಬಿದ್ದದ್ದು ಆ ವರ್ಷದ ಡಿಸೆಂಬರ್ 21ರಂದು. ಈಗ ಶನಿವಾರ ಭಾನುವಾರ ಹುಡುಗರು ಬೈಕಿನಲ್ಲಿ ಹತ್ತಲು ಹೋಗುವ ಬೆಟ್ಟಗಳೆಲ್ಲ ಆಗ ಒಂದೊಂದಾಗಿ ಉರುಳಿಸಬೇಕಾದ ಗುರಿಗಳಾಗಿದ್ದವು. ಅಲನ್‌ನ ಕಥೆ ಇನ್ನೂ ಸ್ಪಷ್ಟ. 1794ರಲ್ಲಿ ನಮ್ಮ ದುರ್ಗಗಳ ಚಿತ್ರ ಪ್ರಕಟಿಸಿದ ಅದೇ ಕೈ, 1799ರ ಮೇ 4ರಂದು ಶ್ರೀರಂಗಪಟ್ಟಣದ ಅರಮನೆಯ ಎದುರು ಬಿಳಿಯ ಬಾವುಟ ಹಿಡಿದು ಶರಣಾಗಿ ಎಂದು ಕೇಳಲು ಹೋಯಿತು. ಅಂದು ರಾತ್ರಿ ಸುಲ್ತಾನನ ಹೆಣವನ್ನು ಹುಡುಕಿದವರಲ್ಲಿ ಆತನೂ ಒಬ್ಬ.

ಸೈನಿಕರಿಗೆ ಚಿತ್ರಕಲೆ ಏಕೆ ಬೇಕಿತ್ತು ಎಂದು ಕೇಳಬಹುದು. ಬೇಕಿತ್ತು. ಬ್ರಿಟನ್ನಿನ ತೋಪುಪಡೆಯ ಅಧಿಕಾರಿಗಳು ತಯಾರಾಗುತ್ತಿದ್ದ ವುಲಿಚ್ ಅಕಾಡೆಮಿಯಲ್ಲಿ ಚಿತ್ರ ಬರೆಯುವುದು ಪಾಠದ ಭಾಗ. ಆ ದೇಶದ ಹೆಸರಾಂತ ನಿಸರ್ಗ ಚಿತ್ರಕಾರ ಪಾಲ್ ಸ್ಯಾಂಡ್‌ಬಿ 1768ರಿಂದ 1796ರವರೆಗೆ ಅಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ. ಕೋಟೆಯ ಗೋಡೆ ಎಲ್ಲಿ ತಗ್ಗಿದೆ, ಕಂದಕ ಎಷ್ಟು ಅಗಲ, ಗುಡ್ಡದ ಯಾವ ಮಗ್ಗುಲು ಹತ್ತಲು ಬರುತ್ತದೆ, ಇವನ್ನು ಕಣ್ಣಲ್ಲಿ ಹಿಡಿದು ಕಾಗದಕ್ಕೆ ಇಳಿಸುವ ಕೈ ಯುದ್ಧಕ್ಕೆ ಬೇಕಾದ ಕೈ. ಯುದ್ಧ ಮುಗಿದ ಮೇಲೆ ಅದೇ ಕೈ ಅದೇ ಗುಡ್ಡಕ್ಕೆ ಮುಸ್ಸಂಜೆಯ ಬಣ್ಣ ಹಚ್ಚಿತು. ಬಣ್ಣ ನಿಜ, ಗುಡ್ಡವೂ ನಿಜ. ನಡುವೆ ಬಿಟ್ಟುಹೋದದ್ದು ಯುದ್ಧ.

ಜನರನ್ನು ಸಣ್ಣದಾಗಿಸುವ ವಿದ್ಯೆ

ಆ ಕಾಲದ ಇಂಗ್ಲೆಂಡಿನಲ್ಲಿ 'ಚಿತ್ರವತ್ತಾದ ನೋಟ' ಎಂಬುದಕ್ಕೆ ಕಟ್ಟುನಿಟ್ಟಾದ ಸೂತ್ರಗಳಿದ್ದವು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ಅದರ ಬಗ್ಗೆ ಪುಸ್ತಕಗಳನ್ನೇ ಬರೆದ. ಮುಂದೆ ಸ್ವಲ್ಪ ಕತ್ತಲೆ, ನಡುವೆ ಬೆಳಕು, ಹಿಂದೆ ಮಸುಕಾದ ಬೆಟ್ಟ. ಒಂದು ಕಡೆ ಪರದೆಯಂತೆ ಮರ. ಪಾಳುಬಿದ್ದ ಗೋಡೆ ಇದ್ದರೆ ಮೇಲು. ಮನುಷ್ಯರು ಬೇಕು, ಆದರೆ ಗೋಡೆ ಎಷ್ಟು ಎತ್ತರ ಎಂದು ತೋರಿಸುವಷ್ಟಕ್ಕೆ ಮಾತ್ರ. ಈ ಸೂತ್ರ ಇಂಗ್ಲೆಂಡಿನ ಹೊಳೆದಂಡೆಗೆ ಹುಟ್ಟಿದ್ದು. ಅದನ್ನು ತಂದು ಬೆಂಗಳೂರಿನ ಮೇಲೆ ಹೊದಿಸಿದಾಗ ಏನಾಯಿತು? ನೆಯ್ಗೆಯವರು, ಪಿಂಜಾರರು, ಗಾಣದವರು, ದವಸದ ವರ್ತಕರು ತುಂಬಿ ತುಳುಕುತ್ತಿದ್ದ ಪೇಟೆ ಚಿತ್ರದಲ್ಲಿ ಒಂದು ಮಬ್ಬು ಗೆರೆಯಾಯಿತು. ಎತ್ತರದ ಜಾಗದಲ್ಲಿ ನಿಂತು ದೂರದಿಂದ ನೋಡುವವನ ಕಣ್ಣಿಗೆ ಊರು ಇರುತ್ತದೆ, ಊರಿನವರು ಇರುವುದಿಲ್ಲ.

ಇದಕ್ಕೆ ಅಚ್ಚಿನ ಕೆಲಸವೂ ಸೇರಿಕೊಂಡಿತು. ಇವು ಹೆಚ್ಚಾಗಿ ಅಕ್ವಾಟಿಂಟ್ ಎಂಬ ಬಗೆಯ ಅಚ್ಚುಗಳು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ನಡುವೆ ತಗಡು ಕೊರೆಯುತ್ತದೆ. ಮಸಿ ಸವರಿ ಒತ್ತಿದಾಗ ಜಲವರ್ಣದಂಥ ಛಾಯೆ ಬರುತ್ತದೆ. ಮೇಲಿನ ಬಣ್ಣವನ್ನು ಕೈಯಿಂದ ಹಚ್ಚುತ್ತಿದ್ದರು. ಹಚ್ಚಿದವರು ಲಂಡನ್ನಿನ ಕೆಲಸಗಾರರು. ಮೇ ತಿಂಗಳ ಬೆಂಗಳೂರಿನ ಮಳೆಮೋಡವನ್ನಾಗಲಿ ಇಲ್ಲಿನ ಕೆಮ್ಮಣ್ಣನ್ನಾಗಲಿ ಕಂಡವರಲ್ಲ. ನಾವು ಇಂದು 'ಅಂದಿನ ಬೆಂಗಳೂರಿನ ಬೆಳಕು' ಎಂದು ಮೆಚ್ಚುವ ಆಕಾಶ ಎಷ್ಟೋ ಸಲ ಲಂಡನ್ನಿನ ಬಣ್ಣದ ತಟ್ಟೆಯಲ್ಲಿ ಕಲಸಿದ್ದು.

ಹಾಗೆಂದು ಈ ಚಿತ್ರಕಾರರಿಗೆ ದೊಡ್ಡದಾಗಿ ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಬೆಂಗಳೂರು ಪೇಟೆಯ ಬಾಗಿಲಿನ ಮೇಲೆ ಲಗ್ಗೆಯಿಟ್ಟಾಗ ಕರ್ನಲ್ ಮೂರ್‌ಹೌಸ್ ಎಂಬ ಕಂಪನಿಯ ಅಧಿಕಾರಿ ಸತ್ತ. ಅವನ ಸಾವನ್ನು ಇದೇ ಹೋಮ್ ದೊಡ್ಡ ತೈಲಚಿತ್ರವಾಗಿ ಬರೆದ. ಅಲ್ಲಿ ಮುಖವಿದೆ, ನೋವಿದೆ, ಸುತ್ತ ನಿಂತ ಗೆಳೆಯರಿದ್ದಾರೆ, ಚಿತ್ರದ ಹೆಸರಲ್ಲೇ ಸತ್ತವನ ಹೆಸರಿದೆ. ಎರಡು ವಾರದ ಬಳಿಕ ಕೋಟೆಯ ಒಡೆದ ಗೋಡೆಯ ಬಳಿ ಕಾದಾಡಿ ಬಿದ್ದ ಕಿಲ್ಲೇದಾರ ಬಹಾದುರ್ ಖಾನನಿಗೆ ಅಂಥ ಪಟದ ಭಾಗ್ಯ ಬರಲಿಲ್ಲ. ಅಂದು ಅವನೊಂದಿಗೆ ಬಿದ್ದ ಬೇಡರು, ಪಠಾಣರು, ಒಕ್ಕಲಿಗರು, ಶೇಖರು ಯಾರು ಎಂದು ಯಾವ ಅಡಿಬರಹವೂ ಹೇಳುವುದಿಲ್ಲ. ಒಬ್ಬರ ಸಾವು ಇತಿಹಾಸವಾಯಿತು, ಇನ್ನೊಬ್ಬರ ನಾಡು ನಿಸರ್ಗವಾಯಿತು. ನಮ್ಮ ಜಗಳವೆಲ್ಲ ಇಷ್ಟೆ.

ಬೇಡಿಕೆ ಎಷ್ಟಿತ್ತೆಂದರೆ, ಬಂದು ನೋಡುವ ಅಗತ್ಯವೂ ಇರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಯುವಕ ಸುಮಾರು 120 ಅಡಿ ಉದ್ದದ ಪಟದಲ್ಲಿ ಆ ಲಗ್ಗೆಯನ್ನು ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಅವನು ಅಲ್ಲಿಯವರೆಗೆ ಭಾರತವನ್ನು ಕಂಡವನಲ್ಲ. ಇಂಗ್ಲೆಂಡಿನ ಮಹಾ ನಿಸರ್ಗ ಚಿತ್ರಕಾರ ಟರ್ನರ್ ಸಹ ಅದೇ ಹೊತ್ತಿಗೆ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಅವನು ಕಾವೇರಿಯ ಹತ್ತಿರ ಎಂದೂ ಸುಳಿಯಲಿಲ್ಲ.

ಗಂಗೆಯ ಪಟದಿಂದ ಆಂಡೀಸ್‌ವರೆಗೆ

ಇದು ಮೈಸೂರಿನ ಪುಟ್ಟ ಗೋಳು ಮಾತ್ರ ಎಂದು ಯಾರೂ ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯುರೋಪು ಮತ್ತು ಅಮೆರಿಕದ ಚಿತ್ರಕಾರರು ಉಷ್ಣವಲಯದ ನಾಡುಗಳಿಗೆ ಹೋಗಿ ಬರೆದ ನಿಸರ್ಗಚಿತ್ರಗಳ ದೊಡ್ಡ ಹೊಳೆಯೇ ಇದೆ. ಅದರ ಮೂಲದ ಒಂದು ಊಟೆ ನಮ್ಮಲ್ಲಿದೆ. ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಶಾಂತ ಸಾಗರ ಸುತ್ತಿದ್ದ ವಿಲಿಯಂ ಹಾಡ್ಜಸ್ 1780ರಲ್ಲಿ ಭಾರತಕ್ಕೆ ಬಂದ. ವಾರನ್ ಹೇಸ್ಟಿಂಗ್ಸ್‌ನ ಆಶ್ರಯದಲ್ಲಿ ಗಂಗೆಯ ತೀರವನ್ನು ಬರೆದ. ಆ ಚಿತ್ರಗಳನ್ನು ಲಂಡನ್ನಿನಲ್ಲಿ ಹೇಸ್ಟಿಂಗ್ಸ್‌ನ ಮನೆಯಲ್ಲಿ ನೋಡಿದಾಗ ಉಷ್ಣವಲಯಕ್ಕೆ ಹೋಗಬೇಕೆಂಬ ಹಂಬಲ ಹುಟ್ಟಿತು ಎಂದು ಜರ್ಮನಿಯ ಮಹಾವಿಜ್ಞಾನಿ ಅಲೆಗ್ಸಾಂಡರ್ ಫಾನ್ ಹಂಬೋಲ್ಟ್ ಮುಂದೆ 'ಕಾಸ್ಮಾಸ್' ಗ್ರಂಥದಲ್ಲಿ ನೆನೆದಿದ್ದಾನೆ. ಅವನು 1799ರಿಂದ 1804ರವರೆಗೆ ದಕ್ಷಿಣ ಅಮೆರಿಕ, ಮೆಕ್ಸಿಕೊಗಳನ್ನು ಸುತ್ತಿದ. ಭಾರತಕ್ಕೆ ಬರಬೇಕೆಂದು ವರ್ಷಗಟ್ಟಲೆ ಹಾತೊರೆದ. ಈಸ್ಟ್ ಇಂಡಿಯಾ ಕಂಪನಿ ಅವನಿಗೆ ಅನುಮತಿ ಕೊಡಲಿಲ್ಲ. ಯೋಚಿಸಿ: ಕಂಪನಿ ತನ್ನ ದಂಡಿನ ಹಿಂದೆ ಬರುವ ಚಿತ್ರಕಾರನಿಗೆ ದಾರಿ ಬಿಟ್ಟಿತು, ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದ ಹಂಬೋಲ್ಟನಿಗೆ ಬಾಗಿಲು ಹಾಕಿತು. ನಮ್ಮ ನಾಡನ್ನು ಯಾರ ಕಣ್ಣು ನೋಡಬೇಕು ಎನ್ನುವುದೂ ಅವರ ಕೈಯಲ್ಲೇ ಇತ್ತು.

ಹಂಬೋಲ್ಟನನ್ನು ಓದಿ ಅವನ ಜಾಡು ಹಿಡಿದು ಅಮೆರಿಕದ ಫ್ರೆಡರಿಕ್ ಚರ್ಚ್ 1853 ಮತ್ತು 1857ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೋದ. ಅವನ 'ಆಂಡೀಸ್‌ನ ಹೃದಯ' ಎಂಬ ಬೃಹತ್ ಚಿತ್ರವನ್ನು 1859ರಲ್ಲಿ ನ್ಯೂಯಾರ್ಕಿನಲ್ಲಿ ಇಪ್ಪತ್ತೈದು ಸೆಂಟಿನ ಟಿಕೆಟ್ ಕೊಂಡು ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಹಿಮದ ಶಿಖರ, ಜಲಪಾತ, ಎಣಿಸಲಾಗದಷ್ಟು ಎಲೆ. ಎಡಮೂಲೆಯಲ್ಲಿ ಒಂದು ಶಿಲುಬೆ, ಅದರ ಮುಂದೆ ಬೆರಳ ತುದಿಯಷ್ಟು ಇಬ್ಬರು ಮನುಷ್ಯರು. ಅದ್ಭುತ ಚಿತ್ರ, ಅನುಮಾನವಿಲ್ಲ. ಆದರೆ ಅದರಲ್ಲೂ ಅದೇ ಸೂತ್ರ: ಉಷ್ಣವಲಯ ಎಂದರೆ ಗಿಡ, ಬೆಟ್ಟ, ಬೆಳಕು. ಅಲ್ಲಿ ಸಾವಿರಾರು ವರ್ಷ ಬೇಸಾಯ ಮಾಡಿದ, ಊರು ಕಟ್ಟಿದ, ರಸ್ತೆ ಹಾಸಿದ ಜನ ಅಳತೆಗೋಲು ಮಾತ್ರ.

ಲಾಲ್‌ಬಾಗ್ ಯಾರ ತೋಟ?

ಈಗ ಮತ್ತೆ ಬೆಂಗಳೂರಿಗೆ. ನಮ್ಮ ನಗರಕ್ಕೆ 'ಉದ್ಯಾನನಗರಿ' ಎಂಬ ಬಿರುದಿದೆ. ಈ ಉದ್ಯಾನ ಯಾರು ಕೊಟ್ಟದ್ದು ಎಂದು ಕೇಳಿದರೆ ಹಲವರು ಕ್ಷಣವೂ ಯೋಚಿಸದೆ 'ಬ್ರಿಟಿಷರು' ಎನ್ನುತ್ತಾರೆ. ಈ ಉತ್ತರ ಎಲ್ಲಿಂದ ಬಂತು? ಇಂಥ ಪಟಗಳಿಂದಲೂ ಬಂತು. ತೋಟ ಯಾವಾಗಲೂ ನೋಡುವವನದು ಎಂಬ ಭಾವನೆ ಅವು ಬಿತ್ತುತ್ತವೆ. ಮಾಡಿದವನು ಕಣ್ಣಿಗೆ ಬೀಳುವುದೇ ಇಲ್ಲ.

ಹೈದರಾಲಿ 1760ರ ಹೊತ್ತಿಗೆ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಟಿಪ್ಪು ದೇಶವಿದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. ಹೋಮ್‌ನ 1794ರ ಪುಸ್ತಕದಲ್ಲಿ ಸೈಪ್ರೆಸ್ ತೋಟವನ್ನೂ ಸೇರಿಸಿಕೊಂಡು ಪೂರ್ವದಿಂದ ಕಂಡ ಬೆಂಗಳೂರಿನ ಒಂದು ಚಿತ್ರವಿದೆ. ಆ ಸೈಪ್ರೆಸ್ ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಪಾರ್ಸಿ ಕಾವ್ಯದಲ್ಲಿ 'ಸರ್ವ್' ಎಂದು ಕರೆಸಿಕೊಂಡು ಪ್ರಿಯತಮೆಯ ನಿಲುವಿಗೆ ಹೋಲಿಕೆಯಾದ ಮರ ಅದು. ಅದನ್ನು ಸಾಲಾಗಿ ನೆಡುವ ಪದ್ಧತಿ ಮೊಗಲ್ ತೋಟಗಳ ಪರಂಪರೆಯಿಂದ ಬಂದದ್ದು. ಕಂಪನಿಯ ಕಡೆಯಿಂದ 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ತೋಟವನ್ನು ನೋಡಿ ಬರೆದಿದ್ದಾನೆ: ನಡೆದಾಡುವ ದಾರಿಗಳಿಂದ ಬೇರೆ ಮಾಡಿದ ಚೌಕಗಳು, ದಾರಿಯ ಅಂಚಿಗೆ ಸೈಪ್ರೆಸ್, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಜಾಗ. ಇದನ್ನು ಮುಸಲ್ಮಾನರ ರೀತಿ ಎಂದೂ ಅವನು ಗುರುತಿಸಿದ್ದಾನೆ. ನೀರು ಹಾಯಿಸಿ, ಪಾತಿ ಕಟ್ಟಿ, ಕಸಿ ಮಾಡಿ ತೋಟಗಳ ನಾಡನ್ನು ಉಳಿಸಿದವರು ಬೆಂಗಳೂರಿನ ತಿಗಳರು. ಅವರ ಕರಗ ಇಂದಿಗೂ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುತ್ತದೆ. ಒಂದು ತೋಟದ ಹಿಂದೆ ಇಷ್ಟು ಜನ, ಇಷ್ಟು ಭಾಷೆ, ಇಷ್ಟು ನಂಬಿಕೆ. ಇದನ್ನೆಲ್ಲ ಬದಿಗಿಟ್ಟು ಒಂದು ಸಾಲು ಮರ, ಹಿಂದೊಂದು ಕೋಟೆ ಎಂದು ಬರೆದರೆ ಅದು ನೋಟವಾಗಬಹುದು, ಬೆಂಗಳೂರಾಗುವುದಿಲ್ಲ.

ಇಲ್ಲಿ ಇನ್ನೊಂದು ಬೂಟಾಟಿಕೆಯನ್ನೂ ಹೇಳಿಬಿಡಬೇಕು. ಟಿಪ್ಪುವಿನ ಹೆಸರೆತ್ತಿದರೆ ನಮ್ಮಲ್ಲಿ ಜಗಳ. ಸರ್ಕಾರ 2015ರಲ್ಲಿ ಅವನ ಜಯಂತಿ ಆರಂಭಿಸಿತು, ಮತ್ತೊಂದು ಸರ್ಕಾರ 2019ರಲ್ಲಿ ನಿಲ್ಲಿಸಿತು. ಪರವಾಗಿಯೂ ವಿರೋಧವಾಗಿಯೂ ಬೀದಿಗಿಳಿದವರು ಇದ್ದಾರೆ. ಅವನನ್ನು ಎಲ್ಲರೂ ಒಪ್ಪಲೇಬೇಕೆಂದು ನಾವು ಹೇಳುತ್ತಿಲ್ಲ. ರಾಜರನ್ನು ಪ್ರಶ್ನಿಸಬೇಕು, ಎಲ್ಲ ರಾಜರನ್ನೂ. ಆದರೆ ಅವನ ಹೆಸರು ಕೇಳಿದರೆ ಮುಖ ಸಿಂಡರಿಸುವವರೂ ಅವನ ಅರಮನೆಯ ಚಿತ್ರಕ್ಕೆ ಫ್ರೇಮು ಹಾಕಿಸಿ, ಹೆಸರನ್ನು ಅಳಿಸಿ, 'ಹೆರಿಟೇಜ್' ಎಂದು ಗೋಡೆಗೆ ಮೊಳೆ ಹೊಡೆಯುತ್ತಾರಲ್ಲ, ಇದಕ್ಕೇನೆನ್ನೋಣ? ಕಟ್ಟಿದವನು ಬೇಡ, ಕಂಬ ಬೇಕು. ಸೋತವನ ನೋವು ಬೇಡ, ಗೆದ್ದವನು ಬರೆದ ಸೂರ್ಯಾಸ್ತ ಬೇಕು.

'ಆ ಕಾಲವೇ ಹಾಗಿತ್ತು' ಎನ್ನುವವರಿಗೆ

ಇಷ್ಟು ಹೇಳಿದ ಕೂಡಲೇ ಮೂರು ಉತ್ತರಗಳು ಬರುತ್ತವೆ ಎಂದು ನಮಗೆ ಗೊತ್ತು.

ಮೊದಲನೆಯದು, ಕಾಲದ ಮಾತು. ಆ ಕಾಲದಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು, ಇಂದಿನ ನ್ಯಾಯವನ್ನು ಅಂದಿನವರ ಮೇಲೆ ಹೇರಬೇಡಿ. ಹಾಗಾದರೆ ಅದಕ್ಕೂ ನೂರು ವರ್ಷ ಹಿಂದಕ್ಕೆ ಹೋಗೋಣ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ನಮ್ಮ ಸಂಪಿಗೆಯ ಚಿತ್ರವೂ ಅದರಲ್ಲಿದೆ. ಗಿಡಗಳ ಗುಣ ಹೇಳಿಕೊಟ್ಟ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ, ಇವರ ಹೇಳಿಕೆಗಳನ್ನು ಅವರ ಹೆಸರಿನೊಂದಿಗೆ, ಅವರವರ ಲಿಪಿಯಲ್ಲೇ ಆ ಗ್ರಂಥದಲ್ಲಿ ಅಚ್ಚು ಮಾಡಿದರು. ಡಚ್ಚರೂ ಧರ್ಮಕ್ಕೆ ಬಂದವರಲ್ಲ, ಮೆಣಸಿಗೆ ಬಂದವರು. ಆದರೂ ಹೆಸರು ಬರೆಯಲು ಅವರಿಗೆ ಸಾಧ್ಯವಾಯಿತು. ಹದಿನೇಳನೆಯ ಶತಮಾನದಲ್ಲಿ ಸಾಧ್ಯವಾದದ್ದು ಹತ್ತೊಂಬತ್ತನೆಯದರಲ್ಲಿ ಸಾಧ್ಯವಾಗಲಿಲ್ಲ ಎಂದರೆ ಅದು ಕಾಲದ ದೋಷವಲ್ಲ, ಮನಸ್ಸಿನ ದೋಷ.

ಏಕೆಂದರೆ 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಒಬ್ಬ ಸ್ಥಳೀಯ ಚಿತ್ರಕಾರನಿಂದ ದಿನವೂ ಗಿಡಗಳ ಚಿತ್ರ ಬರೆಸಿದ. ಆ ಸೊಗಸಾದ ಸಂಗ್ರಹ ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿದೆ. ಬರೆಸಿದವನ ಹೆಸರು ಎಲ್ಲರಿಗೂ ಗೊತ್ತು. ಮುಂದೆ ಅವನು ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾದ, ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗುವುದರಲ್ಲೂ ಅವನ ಮಾತು ನಡೆಯಿತು. ಶಿವಮೊಗ್ಗದ ಆ ಚಿತ್ರಕಾರನ ಹೆಸರು ಮಾತ್ರ ಉಳಿಯಲಿಲ್ಲ. ಅದೇ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್ ಮೇಲ್ವಿಚಾರಕನಾಗಿದ್ದಾಗ ಚೆಲುವಯ್ಯ ರಾಜು ಎಂಬ ನಮ್ಮವರು ಎಲೆಯ ನರನರವನ್ನೂ ಬಿಡದೆ ಸಸ್ಯಚಿತ್ರ ಬರೆದರು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಹೋಗುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು?

ಎರಡನೆಯ ಉತ್ತರ, ಕಲೆಯ ಮಾತು. ಕಲೆಯನ್ನು ಕಲೆಯಾಗಿ ನೋಡಿ, ರಾಜಕೀಯ ಬೆರೆಸಬೇಡಿ. ಬೆರೆಸಿದವರು ನಾವಲ್ಲ. 'ಟಿಪ್ಪು ಸುಲ್ತಾನನ ದೇಶ' ಎಂದು ಪುಸ್ತಕದ ಹೆಸರಲ್ಲೇ ಬರೆದು ಮಾರಿದವರು ಅವರು. ಜನ ಕಡಿಮೆ ಇರುವ ನಿಸರ್ಗಚಿತ್ರವೆಲ್ಲ ದೋಷವೆಂದೂ ನಾವು ಹೇಳುವುದಿಲ್ಲ. ನಮ್ಮ ಕೆ. ವೆಂಕಟಪ್ಪನವರು 1920ರ ದಶಕದಲ್ಲಿ ಊಟಿಯ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದರು. ಅಲ್ಲೂ ಮನುಷ್ಯರು ಅಪರೂಪ. ಆದರೆ ಆ ಮಂಜಿನ ಹಿಂದೆ ಯಾವ ಸೇನೆಯೂ ಅಡಗಿಲ್ಲ. ಚಿತ್ರದಲ್ಲಿ ಯಾರಿಲ್ಲ ಎಂಬುದಷ್ಟೇ ಪ್ರಶ್ನೆಯಲ್ಲ, ಅವರನ್ನು ಯಾರು, ಯಾಕೆ ಆಚೆ ನಿಲ್ಲಿಸಿದರು ಎಂಬುದು ಪ್ರಶ್ನೆ.

ಮೂರನೆಯ ಉತ್ತರ ನಮ್ಮದೇ ಕಡೆಯ ಕೆಲವು ಗೆಳೆಯರದು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಆ ಪಟಗಳನ್ನು ಕಿತ್ತೆಸೆಯಬಾರದೇಕೆ? ಇದಕ್ಕೂ ನಮ್ಮ ಒಪ್ಪಿಗೆಯಿಲ್ಲ. ಬೆಂಗಳೂರಿನ ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲ ಬಳಿಯ ಒಂದು ತುಂಡು. 1791ರಲ್ಲಿ ಪೂರ್ತಿಯಾದ ಟಿಪ್ಪುವಿನ ಅರಮನೆಯೂ ಇಡಿಯಾಗಿ ಉಳಿದಿಲ್ಲ. 1831ರಿಂದ 1868ರವರೆಗೆ ಬ್ರಿಟಿಷ್ ಆಡಳಿತ ಅದನ್ನೇ ಕಚೇರಿ ಮಾಡಿಕೊಂಡಿತ್ತು, ಅಠಾರಾ ಕಚೇರಿ ಕಟ್ಟಿಕೊಂಡ ಮೇಲೆ ಬಿಟ್ಟುಹೋಯಿತು. ಉರುಳಿಹೋದ ಭಾಗಗಳು ಹೇಗಿದ್ದವೆಂದು ತಿಳಿಯಲು ನಾವು ಹಂಟರನ ಚಿತ್ರಗಳನ್ನೇ ನೋಡಬೇಕು. ವೈರಿಯ ದಫ್ತರವೂ ದಫ್ತರವೇ. ಅದನ್ನು ಸುಡುವವನು ಕೊನೆಗೆ ತನ್ನ ಸಾಕ್ಷಿಯನ್ನೇ ಸುಡುತ್ತಾನೆ.

ಎದುರಿನ ಗೋಡೆಯಲ್ಲಿ ದರಿಯಾ ದೌಲತ್

ಹಾಗಾದರೆ ಏನು ಮಾಡಬೇಕು? ಮಾಡಬೇಕಾದದ್ದು ಎರಡೇ ಕೆಲಸ, ಎರಡಕ್ಕೂ ಹೆಚ್ಚು ಖರ್ಚಿಲ್ಲ.

ಒಂದು, ಅಡಿಬರಹ. ಮ್ಯೂಸಿಯಂ ಇರಲಿ, ಮೆಟ್ರೋ ನಿಲ್ದಾಣವಿರಲಿ, ಸಂಪಿಗೆ ರಸ್ತೆಯ ಹೋಟೆಲಿರಲಿ, ಪಟ ಹಾಕಿದವರು ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಯಾರು ಬರೆದದ್ದು, ಯಾವ ಕೆಲಸದ ಮೇಲೆ ಬಂದಿದ್ದವನು, ಆ ಜಾಗ ಯಾರದು, ಅಲ್ಲಿ ಯಾವ ತಾರೀಖಿನಂದು ಏನು ನಡೆಯಿತು. ಉದಾಹರಣೆಗೆ: 'ಪೂರ್ವದಿಂದ ಕಂಡ ಬೆಂಗಳೂರು. ಬರೆದವನು ರಾಬರ್ಟ್ ಹೋಮ್, ಕಂಪನಿಯ ಸೇನೆಯೊಂದಿಗೆ ಬಂದವನು. ಮುಂದೆ ಕಾಣುವ ಸೈಪ್ರೆಸ್ ತೋಟ ಹೈದರಾಲಿ ಮತ್ತು ಟಿಪ್ಪು ಬೆಳೆಸಿದ್ದು. ಹಿಂದೆ ಕಾಣುವ ಕೋಟೆ 1791ರ ಮಾರ್ಚ್ 21ರ ರಾತ್ರಿ ಬಿದ್ದಿತು, ಕಿಲ್ಲೇದಾರ ಬಹಾದುರ್ ಖಾನ್ ಅಲ್ಲೇ ಮಡಿದ.' ಇಷ್ಟನ್ನು ಓದಿದ ಮೇಲೂ ಪಟ ಚೆಂದವೇ. ಆದರೆ ನೋಡುವ ಕಣ್ಣು ಬದಲಾಗುತ್ತದೆ.

ಹೆಸರಿನ ವಿಷಯದಲ್ಲಿ ಈ ಬಡಾವಣೆಯೇ ನಮಗೆ ಪಾಠ ಹೇಳುತ್ತದೆ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರದಲ್ಲಿ ಅಕ್ಕಪಕ್ಕದ ಎರಡು ರಸ್ತೆಗಳಿಗೆ 'ಸಂಪಿಗೆ' ಎಂದೂ 'ಮಾರ್ಗೋಸಾ' ಎಂದೂ ಹೆಸರಿದೆ. ಎರಡೂ ಮರದ ಹೆಸರುಗಳೇ. ಮೊದಲನೆಯದನ್ನು ಕೇಳಿದರೆ ಹೂವಿನ ವಾಸನೆ ನೆನಪಾಗುತ್ತದೆ. ಎರಡನೆಯದು ನಮ್ಮ ಬೇವು, ಕಹಿ ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಬೋರ್ಡಿಗೆ ಬಂದದ್ದು. ಆ ರಸ್ತೆಯಲ್ಲಿ ನಡೆಯುವ ಎಷ್ಟೋ ಜನರಿಗೆ ಅದು ಬೇವೆಂದೇ ಗೊತ್ತಿಲ್ಲ. ಪರರ ಕಣ್ಣಿನಿಂದ ನೋಡುತ್ತ ಹೋದರೆ ಯುಗಾದಿಗೆ ತಿನ್ನುವ ಬೇವೂ ಗುರುತು ಸಿಗದಂತಾಗುತ್ತದೆ. ಇತಿಹಾಸ ಗುರುತು ಸಿಗದಿರುವುದರಲ್ಲಿ ಆಶ್ಚರ್ಯವೇನು?

ಎರಡನೆಯ ಕೆಲಸ, ಎದುರಿಗೆ ಇನ್ನೊಂದು ಪಟ. ಶ್ರೀರಂಗಪಟ್ಟಣದಲ್ಲಿ ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಕಾಲದಿಂದ ಮಾಸಿ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಿದ್ದು. ಅದು ನಿಸರ್ಗಚಿತ್ರವಲ್ಲ. ಅಲ್ಲಿ ಕಣ್ಣಿಗೆ ಬಿಡುವೇ ಇಲ್ಲ: ಸಾಲು ಸಾಲು ಕುದುರೆ, ಆನೆ, ಸಿಪಾಯಿ, ಸ್ಫೋಟಿಸುವ ಮದ್ದಿನ ಗಾಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ. ಅದೂ ಗೆದ್ದವರು ಬರೆಸಿದ ಚಿತ್ರವೇ, ಅದರಲ್ಲೂ ಜಂಬವಿದೆ. ಆದರೆ ಅದು ತಾನು ಯುದ್ಧದ ಚಿತ್ರ ಎನ್ನುವುದನ್ನು ಮುಚ್ಚಿಡುವುದಿಲ್ಲ. ಗೆದ್ದವನಿಗೂ ಸೋತವನಿಗೂ ಮುಖ ಕೊಡುತ್ತದೆ. ಈ ಕಡೆ ಹೋಮ್, ಆ ಕಡೆ ದರಿಯಾ ದೌಲತ್ ಇದ್ದಾಗ ನಡುವೆ ನಿಂತ ಹುಡುಗಿಗೋ ಹುಡುಗನಿಗೋ ಯಾರೂ ಇತಿಹಾಸದ ಪಾಠ ಮಾಡಬೇಕಾಗಿಲ್ಲ. ಅವರೇ ಕೇಳುತ್ತಾರೆ: ಇಲ್ಲಿ ಇಷ್ಟು ಜನ ಇದ್ದರಲ್ಲ, ಅಲ್ಲಿ ಎಲ್ಲಿ ಹೋದರು?

ಆ ಪ್ರಶ್ನೆ ನಮ್ಮ ಶಾಲೆಗಳ ಡ್ರಾಯಿಂಗ್ ತರಗತಿಗೂ ಬರಬೇಕು. 'ಸೀನರಿ ಬರೆಯಿರಿ' ಎಂದರೆ ನಮ್ಮ ಮಕ್ಕಳು ಇಂದಿಗೂ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ ಬರೆಯುತ್ತಾರೆ. ಬಯಲುಸೀಮೆಯ ಮಗುವೂ ಅದನ್ನೇ, ಕೊಳೆಗೇರಿಯ ಮಗುವೂ ಅದನ್ನೇ. ತಾವು ಎಂದೂ ಕಾಣದ ಖಾಲಿ ನಾಡೊಂದನ್ನು ಬರೆದು ಹತ್ತಕ್ಕೆ ಎಂಟು ಅಂಕ ತೆಗೆದುಕೊಳ್ಳುತ್ತಾರೆ. ಮಗುವಿನ ಬೀದಿ, ನಲ್ಲಿಯ ಮುಂದಿನ ಬಿಂದಿಗೆ ಸಾಲು, ಸೈಕಲ್ ರಿಪೇರಿಯ ಚಾಚಾ, ಸಂಪಿಗೆ ಕಟ್ಟಿ ಮಾರುವ ಅಜ್ಜಿ ಯಾರೂ ಆ ಹಾಳೆಯಲ್ಲಿ ಇರುವುದಿಲ್ಲ. ಮೇಷ್ಟರು ಒಂದು ಮಾತು ಹೇಳಲಿ: ಮರವನ್ನು ಬರೆದೆಯಲ್ಲ, ಅದನ್ನು ನೆಟ್ಟವರನ್ನೂ ಬರೆ ಮಗು, ದೊಡ್ಡದಾಗಿ ಬರೆ.